ಅತ್ತಿಗೆ ಮತ್ತು ಅವಳ ಲೈನ್‌ಮನ್

ಲೈನ್‌ಮನ್ ದಿನಕರನನ್ನು ನನ್ನ ಅತ್ತಿಗೆ ಮಾದೇವಿಯ ಮನೆಗೆ ತಂದು ಇಟ್ಟವಳು ನಾನೇ. ಹೊಳನಗದ್ದೆಯವರು ಇದನ್ನು ನನ್ನ ಬೆನ್ನ ಹಿಂದೆ ಹೇಳಿ ಹೇಳಿ ದಣಿದಿದ್ದಾರೆ. ಅವರಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ ಅಂತ ಈಗ ನಾನೇ ಬಾಯಿಬಿಟ್ಟು ಹೇಳುತ್ತಿದ್ದೇನೆ.

ನನ್ನ ಹೆಸರು ಬಂಗಾರಿ. ಮಂಕಿಯಲ್ಲಿ ಅಂಗನವಾಡಿ ಟೀಚರ್. ಮೂವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುವವಳು ನಾನು, ಆದರೆ ಈ ಅತ್ತಿಗೆಯನ್ನು ಒಂದು ದಿನವೂ ಕೂರಿಸಲಿಕ್ಕೆ ಆಗಲಿಲ್ಲ. ಹೊಳನಗದ್ದೆಯಲ್ಲಿರುವುದು ನಾನು ಹುಟ್ಟಿದ ಮನೆ, ಕುಮಟೆ ಪೇಟೆಗೆ ಹತ್ತಿರ. ಮಾದೇವಿ ಅಲ್ಲಿಗೆ ನನ್ನ ಅಣ್ಣ ಬೊಮ್ಮಯ್ಯನ ಹೆಂಡತಿಯಾಗಿ ಇಪ್ಪತ್ತನೇ ವಯಸ್ಸಿಗೆ ಬಂದಳು. ಒಂಬತ್ತು ವರ್ಷದ ಹಿಂದೆ ಅಣ್ಣ ಗದ್ದೆಯಿಂದ ಬಂದವನು ಎದೆ ಯಾಕೋ ಹಿಡಿದ ಹಾಗಾಗ್ತದೆ ಅಂತ ಜಗಲಿಯ ಮೇಲೆ ಕೂತ, ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವಳು ಮಾದೇವಿ ಒಬ್ಬಳೇ.

ಅವಳಿಗೆ ಈಗ ನಲವತ್ತೊಂಬತ್ತು. ಕುಳ್ಳಿ, ಗಟ್ಟಿಮುಟ್ಟು, ಎಡಚಿ. ಮಾತು ಕಡಿಮೆ, ಆದರೆ ಆಡಿದ ಮಾತು ಎರಡು ದಿನ ಚುಚ್ಚುತ್ತಿರುತ್ತದೆ. ಗದ್ದೆ ಕೊಯ್ಲಾದ ಮೇಲೆ ಅದೇ ಮಣ್ಣಿನಲ್ಲಿ ಈರುಳ್ಳಿ ನೆಡುತ್ತಾಳೆ. ನಮ್ಮ ಕಡೆಯ ಈರುಳ್ಳಿ ಸಿಹಿ, ಹಸಿಯಾಗಿಯೇ ತಿನ್ನಬಹುದು. ಅದನ್ನು ಸೊಪ್ಪು ಸಮೇತ ಕಿತ್ತು ಒಣಗಿಸಿ, ಸೊಪ್ಪನ್ನು ಜಡೆ ಹೆಣೆದ ಹಾಗೆ ಹೆಣೆದು, ನಡುನಡುವೆ ಒಂದೊಂದೇ ಗಡ್ಡೆ ಸೇರಿಸುತ್ತ ಹೋದರೆ ಗೊಂಚಲಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹೈವೇ ಬದಿ ಬಿದಿರಿನ ಚಪ್ಪರ ಹಾಕಿ ಆ ಗೊಂಚಲುಗಳನ್ನು ತೂಗುಹಾಕಿ ಕೂರುತ್ತಾಳೆ. ಕಾರು ನಿಲ್ಲಿಸಿ ಚೌಕಾಸಿ ಮಾಡುವವರಿಗೆ, "ಫೋಟೋ ತೆಗೂದಿದ್ರೆ ತೆಗೀರಿ, ಅದಕ್ಕೆ ದುಡ್ಡು ಬೇಡ" ಅಂತಾಳೆ. ಜನ ಕಿಸಕ್ಕನೆ ನಕ್ಕು ಎರಡು ಗೊಂಚಲು ಹೆಚ್ಚಿಗೆ ತಗೊಂಡು ಹೋಗುತ್ತಾರೆ.

ಅಣ್ಣ ಹೋಗಿ ಐದು ವರ್ಷ ಆದಾಗ ನನಗೆ ಒಂದು ಯೋಚನೆ ಹೊಳೆಯಿತು. ನನ್ನ ಯೋಚನೆಗಳೆಲ್ಲ ಒಳ್ಳೆಯವೇ, ಫಲ ಮಾತ್ರ ಬೇರೆ. ಹೆಂಗಸು ಒಬ್ಬಳೇ ಇರುವ ಮನೆ, ಹೊರಗಿನ ಕೋಣೆ ಖಾಲಿ ಬಿದ್ದಿದೆ, ಯಾರಾದರೂ ಸಭ್ಯಸ್ಥ ಬಾಡಿಗೆಗೆ ಇದ್ದರೆ ಧೈರ್ಯ ಅನ್ನಿಸಿತು. ಮೂವರು ಕೇಳಿಕೊಂಡು ಬಂದರು. ಒಬ್ಬ ಮಿಲಿಟರಿಯಿಂದ ಬಂದವನು, ಐವತ್ತೆರಡು ವರ್ಷ, ಮೀಸೆ ತಿರುವುತ್ತಿದ್ದ. ಬೇಡ ಅಂದೆ. ಇನ್ನೊಬ್ಬ ಹೆಂಡತಿ ತೀರಿಕೊಂಡ ಮೇಷ್ಟ್ರು, ನಲವತ್ತೆಂಟು. ಅವನಂತೂ ಬೇಡವೇ ಬೇಡ, ಊರವರ ಬಾಯಿ ಯಾರು ಮುಚ್ಚುವುದು. ಮೂರನೆಯವನು ದಿನಕರ. ಹಿರೇಗುತ್ತಿಯವನು, ಕರೆಂಟು ಕಂಬ ಹತ್ತುವ ಕೆಲಸ, ಮೂವತ್ತೊಂದು ವರ್ಷ. ಉದ್ದಕ್ಕೆ ಗಳದ ಹಾಗಿದ್ದ, ತಲೆ ಬಗ್ಗಿಸಿಯೇ ಮಾತು. ಇವನು ಪಾಪದವನು, ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಎಂತದೂ ಹೆದರಿಕೆ ಇಲ್ಲ ಅಂತ ನಾನೇ ಆರಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲ ವರ್ಷ ಅವನು ಅವಳನ್ನು "ಅಕ್ಕ" ಅನ್ನುತ್ತಿದ್ದ. ಎರಡನೇ ವರ್ಷ "ಮಾದೇವಕ್ಕ" ಅನ್ನತೊಡಗಿದ. ಮೂರನೇ ವರ್ಷ ಹೋದಾಗ ನೋಡುತ್ತೇನೆ, ಹೆಸರೇ ಇಲ್ಲ. "ಕೇಳ್ತಾ, ಉಪ್ಪು ಎಲ್ಲಿ?" ಅಂತ ಇವನು, "ಇಲ್ನೋಡು, ಬೈಕಿನ ಚಾವಿ ಮರ್ತಿದ್ದಿ" ಅಂತ ಅವಳು. ಮದುವೆಯಾಗಿ ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು. ನಮ್ಮ ಕಡೆ ಒಬ್ಬರನ್ನೊಬ್ಬರು ಹೆಸರಿಲ್ಲದೆ ಕರೆಯುವವರು ಯಾರು ಅಂತ ನನಗೆ ಗೊತ್ತಿರಬೇಕಿತ್ತು. ತಲೆಗೆ ಹೋಗಲಿಲ್ಲ ನೋಡಿ.

ಹೋಗದಿರಲಿಕ್ಕೆ ಕಾರಣವೂ ಇತ್ತು. ನನ್ನ ತಲೆ ತುಂಬ ಬೇರೆಯೇ ಮದುವೆ ಕೂತಿತ್ತು. ನನ್ನ ಗಂಡ ದುರ್ಗಪ್ಪನ ತಮ್ಮನ ಮಗಳು ಪವಿತ್ರಾ, ಇಪ್ಪತ್ತೇಳು ವರ್ಷ, ಹೊನ್ನಾವರದ ಮೊಬೈಲ್ ಅಂಗಡಿಯಲ್ಲಿ ಕೆಲಸ. ಅವಳನ್ನು ದಿನಕರನಿಗೆ ಗಂಟು ಹಾಕಬೇಕು ಅಂತ ಮಂಕಿಯ ಮನೆಯಲ್ಲಿ ಮಾತು ಕೊಟ್ಟುಬಿಟ್ಟಿದ್ದೆ. ಹುಡುಗಿ ನೋಡಲು ಬಾ ಅಂದರೆ ಇವನಿಗೆ ಪ್ರತಿ ಸಲ ಎಲ್ಲಿಯೋ ಕಂಬ ಬೀಳುತ್ತಿತ್ತು. ಒಮ್ಮೆ ಗಾಳಿಗೆ ಬಿತ್ತು, ಒಮ್ಮೆ ಲಾರಿ ತಾಗಿ ಬಿತ್ತು. ನಾಲ್ಕನೇ ಸಲ ಎಂತ ಬಿದ್ದದ್ದು ಅಂತ ಕೇಳಿದರೆ, "ತಂತಿ ಮೇಲೆ ಕಾಗೆ" ಅಂದ. ಇಷ್ಟು ಕೆಲಸದ ಮೇಲೆ ಆಸ್ಥೆ ಇರುವ ಹುಡುಗ ಸಿಗುವುದು ಕಷ್ಟ ಅಂತ ನಾನು ಮಂಕಿಯಲ್ಲಿ ಹೊಗಳಿದೆ.

ಗೊತ್ತಾದದ್ದು ಈ ವರ್ಷ ಏಪ್ರಿಲ್‌ನ ಒಂದು ಭಾನುವಾರ. ಮನೆಗೆ ನಾಲ್ಕು ಗೊಂಚಲು ತಗೊಂಡು ಹೋಗುವಾ ಅಂತ ಹೈವೇಯಲ್ಲೇ ಬಸ್ಸಿಳಿದೆ. ಮಾದೇವಿ ಪಕ್ಕದ ಚಪ್ಪರದ ಲಕ್ಕಿಯ ಹತ್ತಿರ ಚಿಲ್ಲರೆ ಮುರಿಸಲು ಹೋಗಿದ್ದಳು. ನಾನು ಒಂದು ಗೊಂಚಲು ಕೈಗೆ ತಗೊಂಡು ತಿರುಗಿಸಿದೆ. ಮೇಲಿನರ್ಧ ಎಡಕ್ಕೆ ಹೊರಳಿದ ಹೆಣಿಗೆ, ಅದು ಎಡಚಿಯ ಕೈ, ನನಗೆ ಚೆನ್ನಾಗಿ ಗೊತ್ತು. ಕೆಳಗಿನರ್ಧ ಬಲಕ್ಕೆ ಹೊರಳಿತ್ತು. ಇನ್ನೊಂದು ನೋಡಿದೆ, ಅದೂ ಹಾಗೆಯೇ. ಮತ್ತೊಂದು, ಮಗದೊಂದು, ಎಲ್ಲವೂ ಹಾಗೆಯೇ.

ಪೇಟೆಯವರಿಗೆ ಇದು ಎಂತದೂ ಅಲ್ಲ, ಈರುಳ್ಳಿ ಅಷ್ಟೇ. ನಮ್ಮ ಮನೆಯಲ್ಲಿ ಹೆಣೆಯುವ ರೀತಿ ಬೇರೆ. ಒಂದು ಗೊಂಚಲಿಗೆ ಒಬ್ಬರದೇ ಕೈ. ಹತ್ತು ಹೆಂಗಸರು ಕೂತರೂ ಎದುರುಬದುರು ಕೂತು ತಂತಮ್ಮ ಗೊಂಚಲು ಹೆಣೆಯುತ್ತಾರೆ. ಅರ್ಧದಲ್ಲಿ ಕೈ ಬದಲಾಯಿಸಬೇಕಾದರೆ ಸೊಪ್ಪಿನ ಬಿಗಿ ಬಿಡಬಾರದು, ಕೆಳಗಿಡಬಾರದು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಅವಳ ಬೆರಳ ಮೇಲೆ ಇವನು ಬೆರಳಿಟ್ಟು, ಅವಳು ತನ್ನ ಬೆರಳನ್ನು ಮೆಲ್ಲಗೆ ಜಾರಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಹಾಗೆ ಹೆಣೆದವರು ನನ್ನ ಅಪ್ಪ ಅವ್ವ, ಆಮೇಲೆ ಅಣ್ಣ ಅತ್ತಿಗೆ. ಗಂಡ ಹೆಂಡತಿ ಬಿಟ್ಟು ಬೇರೆಯವರು ಹಾಗೆ ಕೂತದ್ದನ್ನು ನಾನು ನೋಡಿಲ್ಲ. ಇವರಿಬ್ಬರು ಕೂತದ್ದಷ್ಟೇ ಅಲ್ಲ, ಅದನ್ನು ಹೈವೇ ಬದಿ ತೂಗುಹಾಕಿ ಕಾರವಾರದಿಂದ ಉಡುಪಿವರೆಗಿನ ಜನಕ್ಕೆ ಮಾರುತ್ತಿದ್ದರು.

ಮಾದೇವಿ ಬಂದಳು. "ಇದು ಯಾರ ಕೈ?" ಅಂದೆ.

"ನಂದು."

"ಅರ್ಧ ನಿಂದು. ಉಳಿದರ್ಧ?"

ಅವಳು ಗೊಂಚಲನ್ನು ನೋಡಿದಳು, ನನ್ನನ್ನು ನೋಡಿದಳು. "ದಿನಕರಂದು" ಅಂದಳು. ಸುಳ್ಳು ಹೇಳಬಹುದಿತ್ತು. ಲಕ್ಕಿಯ ಹೆಸರು ಹೇಳಿದ್ದರೆ ನಾನು ನಂಬಿಯೂಬಿಡುತ್ತಿದ್ದೆ. ಅವಳಿಗೆ ಅಷ್ಟೂ ಉಪಾಯ ಇಲ್ಲ.

"ಅಂವಂಗೆ ಯಾರು ಕಲಿಸಿದ್ರು?"

"ನಾನೇ. ಕಂಬ ಹತ್ತೂ ಕೈ, ಬೇಗ ಕಲ್ತ."

ನನಗೆ ಮೈಯೆಲ್ಲ ಉರಿದುಹೋಯಿತು. ಚಪ್ಪರವನ್ನು ಲಕ್ಕಿಗೆ ನೋಡಿಕೋ ಅಂತ ಹೇಳಿ, ಮಾದೇವಿಯನ್ನು ರಿಕ್ಷಾದಲ್ಲಿ ಕೂರಿಸಿ ಮನೆಗೆ ತಂದೆ. ದಾರಿಯುದ್ದ ನಾನು ಬೈದೆ, ಅವಳು ಹೊರಗೆ ನೋಡುತ್ತ ಕೂತಳು. ನಡುವೆ ಒಮ್ಮೆ ರಿಕ್ಷಾದವನಿಗೆ "ಎಡಕ್ಕೆ ತಗೋ" ಅಂದಳು, ಅಷ್ಟೇ.

ಮಧ್ಯಾಹ್ನ ಊಟದ ಹೊತ್ತಿಗೆ ದಿನಕರ ಬಂದ. ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಬಂಗುಡೆಯ ಪೊಟ್ಟಣ. ನನ್ನ ಮುಖ ನೋಡಿದವನೇ ಪೊಟ್ಟಣವನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡ, ನಾನು ಬಂದದ್ದು ಮೀನು ಹಿಡಿಯಲಿಕ್ಕೆ ಅಂತ ತಿಳಿದನೋ ಏನೋ.

"ನಿಂಗೆ ಎಷ್ಟು ವರ್ಷ?" ಅಂದೆ.

"ಮೂವತ್ತೈದು ಟೀಚರ್ರೆ."

"ಅವಳಿಗೆ ಎಷ್ಟು ಅಂತ ಗೊತ್ತಿದ್ಯಾ?"

"ಗೊತ್ತಿದೆ. ಆಧಾರ್ ಕಾರ್ಡು ಸರಿ ಮಾಡಿಸ್ಕಂಡು ಬಂದವ ನಾನೇ."

ಮಾದೇವಿ ಒಳಗಿನಿಂದ ನಕ್ಕದ್ದು ಕೇಳಿತು. ಆ ನಗು ಕೇಳಿ ನನಗೆ ಇನ್ನೂ ತಲೆ ಕೆಟ್ಟಿತು. ಎಂತ ಹೇಳಿದೆ, ಎಂತ ಬಿಟ್ಟೆ ಅಂತ ಈಗ ನೆನಪಿಲ್ಲ, ನೆನಪಿರುವಷ್ಟನ್ನು ಬರೆಯಲು ನಾಚಿಕೆ. ಅವನ ಅವ್ವನ ವಿಷಯ ತೆಗೆದೆ, ಊರವರ ವಿಷಯ ತೆಗೆದೆ, ಪವಿತ್ರಾಳ ವಿಷಯ ತೆಗೆದೆ. ಇವಳು ಐವತ್ತೈದಕ್ಕೆ ಮಂಡಿನೋವು ಅಂತ ಕೂತಾಗ ನೀನು ಇನ್ನೂ ಕಂಬ ಹತ್ತುತ್ತಿರುತ್ತೀಯ, ಆಗ ಇವಳಿಗೆ ಗತಿ ಯಾರು ಅಂದೆ.

ಅವನು ತಲೆ ಎತ್ತಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಕಣ್ಣು ನೆಟ್ಟಗೆ ನೋಡಿದೆ. "ಮಂಡಿನೋವಿಗೆ ಎಣ್ಣೆ ಹಚ್ಚೂದು ನಂಗೆ ಬರ್ತದೆ ಟೀಚರ್ರೆ. ನಂಗೆ ಇವ್ರು ಬೇಕು. ಬೇರೆ ಯಾರೂ ಬೇಡ" ಅಂದ.

ಆಗ ನಾನು ದೊಡ್ಡ ಆಯುಧ ತೆಗೆದೆ. ಆ ಮನೆಯ ಕಾಗದದಲ್ಲಿ ಅಣ್ಣನ ಹೆಸರಿನ ಜೊತೆ ನನ್ನ ಹೆಸರೂ ಇದೆ, ಅಪ್ಪ ಹಾಗೆ ಬರೆಸಿದ್ದು. "ಈ ಮನೆಗೂ ಅವಳ ಚಪ್ಪರಕ್ಕೂ ಇನ್ನು ಕಾಲಿಡೂದಿಲ್ಲ ಅಂತ ನೀನು ಆಣೆ ಮಾಡು. ಇಲ್ಲ ಅಂದ್ರೆ ನಾನು ಬಾಗಿಲಿಗೆ ಬೀಗ ಹಾಕ್ತೆ. ಇಬ್ರೂ ಬೀದಿಗೆ ಹೋಗಿ" ಅಂದೆ.

"ಹಾಕು" ಅಂದಳು ಮಾದೇವಿ. ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. "ಬೀಗ ಹಾಕು, ನಾ ಅಂವನ ಸಂಗಡ ಹೋಗ್ತೆ. ಕುಮಟೆಯಲ್ಲಿ ಕೋಣೆ ಸಿಗೂದಿಲ್ವಾ."

ಆದರೆ ದಿನಕರ ಅವಳ ಮಾತು ಕೇಳಲಿಲ್ಲ. ಅವನಿಗೆ ಆ ಮನೆ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅವಳು ಸಾರಿಸಿದ ಅಂಗಳ, ಅವಳು ನೆಟ್ಟ ತೆಂಗು, ಅವಳು ಹದ ಮಾಡಿದ ಗದ್ದೆ. ತನ್ನ ದೆಸೆಯಿಂದ ಇವಳ ಮನೆ ಹೋಗುವುದು ಬೇಡ ಅಂತ ಅವನು ಅಲ್ಲೇ ನಿಂತು ಆಣೆ ಮಾಡಿಬಿಟ್ಟ. ಮನೆಗೆ ಕಾಲಿಡುವುದಿಲ್ಲ, ಚಪ್ಪರಕ್ಕೆ ಕಾಲಿಡುವುದಿಲ್ಲ. ಸಂಜೆಯೊಳಗೆ ಟ್ರಂಕು ಬೈಕಿಗೆ ಕಟ್ಟಿದ. ಮಾದೇವಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಹೊರಡುವಾಗ ಒಂದೇ ಮಾತು ಹೇಳಿದಳು, "ನನ್ನ ಕೇಳದೆ ಆಣೆ ಮಾಡ್ದೆ."

ನಾನು ಗೆದ್ದೆ. ಗೆದ್ದದ್ದು ಉಳಿಯಬೇಕಲ್ಲ, ಅದಕ್ಕೆ ಮೇ ತಿಂಗಳ ರಜೆ ಶುರುವಾದ ಕೂಡಲೇ ಹೊಳನಗದ್ದೆಗೆ ಬಂದು ಕಾವಲು ಕೂತೆ. ಅದೇ ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದೆ, ಬೆಳಿಗ್ಗೆ ಅವಳ ಸಂಗಡ ಚಪ್ಪರಕ್ಕೆ ಹೋಗುತ್ತಿದ್ದೆ. ಅವಳು ನನ್ನ ಜೊತೆ ಜಗಳವಾಡಲಿಲ್ಲ. ಗಂಜಿ ಬಡಿಸುತ್ತಿದ್ದಳು, ಬಿಸಿನೀರು ಕಾಸಿ ಕೊಡುತ್ತಿದ್ದಳು, ಮಾತು ಮಾತ್ರ ಇಲ್ಲ. ಅವನು ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಫೋನು ಪಾಪ ಅಕ್ಕಿಡಬ್ಬದ ಮೇಲೆ ಹಾಡಿ ಹಾಡಿ ಸುಮ್ಮನಾಗುತ್ತಿತ್ತು. ಸಿಟ್ಟು ನನ್ನ ಮೇಲೆ ಅಲ್ಲ, ಅವನ ಮೇಲೆ ಅಂತ ನನಗೆ ಎರಡು ದಿನ ಬಿಟ್ಟು ತಿಳಿಯಿತು. ಅದು ನನಗೆ ಇನ್ನೂ ಅವಮಾನ.

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ನೋಡುತ್ತೇನೆ, ಹೈವೇಯ ಆಚೆ ಬದಿಯಲ್ಲಿ ದಿನಕರ ನಿಂತಿದ್ದಾನೆ. ನಮ್ಮ ಹೈವೇ ಈಗ ನಾಲ್ಕು ಸಾಲಿನದು, ನಡುವೆ ಡಿವೈಡರ್. ಅವನ ಆಣೆ ಇದ್ದದ್ದು ಮನೆಗೆ ಮತ್ತು ಚಪ್ಪರಕ್ಕೆ. ಆಚೆ ಬದಿ ಸರ್ಕಾರದ್ದು. ಅಲ್ಲಿ ಒಂದು ಕಂಬ ಇತ್ತು, ಅದಕ್ಕೆ ಏಣಿ ಒರಗಿಸಿ ಮೇಲೆ ಹತ್ತಿ ಏನೋ ತಿರುಪಿದ, ಇಳಿದ, ಟೀ ಕುಡಿದ, ಹೋದ. ಮಾದೇವಿ ಸ್ಟೂಲನ್ನು ತಿರುಗಿಸಿ ರಸ್ತೆಗೆ ಬೆನ್ನು ಹಾಕಿ ಕೂತಳು. ಗಿರಾಕಿಗಳು ಅವಳ ಬೆನ್ನಿನ ಹತ್ತಿರ ಚೌಕಾಸಿ ಮಾಡಿದರು.

ಮಾರನೇ ದಿನ ಮತ್ತೆ ಅದೇ ಕಂಬ. ಅದರ ಮಾರನೇ ದಿನವೂ. "ಆ ಕಂಬಕ್ಕೆ ಎಂತ ರೋಗ ಮಾರಾಯ್ತಿ, ಇಷ್ಟು ಔಷಧ ಮಾಡೂದು" ಅಂದಳು ಲಕ್ಕಿ. ಸುತ್ತಮುತ್ತಲಿನ ಚಪ್ಪರದವರಿಗೆಲ್ಲ ಅದೊಂದು ಆಟವಾಗಿಹೋಯಿತು. ಎಂಟು ಗಂಟೆ ಆದ ಕೂಡಲೇ ಎಲ್ಲರೂ ಆಚೆ ನೋಡುವುದು, ಆಮೇಲೆ ಮಾದೇವಿಯ ಸ್ಟೂಲು ನೋಡುವುದು. ಐದನೇ ದಿನ ಸ್ಟೂಲು ಅಡ್ಡಕ್ಕೆ ತಿರುಗಿತ್ತು. ಏಳನೇ ದಿನ ರಸ್ತೆಯ ಕಡೆಗೆ ಮುಖ. ಒಂಬತ್ತನೇ ದಿನ ಅವಳು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಆಚೆಯವನು ಅವನ ಬುತ್ತಿ ಬಿಚ್ಚುವವರೆಗೆ ಕಾದು ಕೂತಳು. ನಡುವೆ ಗೋವಾದ ಲಾರಿ, ಭಟ್ಕಳದ ಬಸ್ಸು, ಮೀನಿನ ಗಾಡಿ. ಲಾರಿ ದಾಟಿ ಹೋದ ಮೇಲೆ ಇಬ್ಬರೂ ಒಂದೊಂದು ತುತ್ತು ಹಾಕುತ್ತಿದ್ದರು. ನಾನು ನಡುವೆ ಕೂತ ಅಂಪೈರ್.

ಹೇಳಿದರೆ ನಗುತ್ತೀರಿ, ಹತ್ತನೇ ದಿನ ಅವನು ಎಂಟೂವರೆಯಾದರೂ ಬರಲಿಲ್ಲ, ಆಗ ನಾನೇ ಎರಡು ಸಲ ಎದ್ದು ನೋಡಿದೆ. ಮಾದೇವಿ ನೋಡಿಯೂ ನೋಡದ ಹಾಗೆ, "ಹೊಳೆ ಕಡವಿನ ಬದಿ ಲೈನು ಹೋಗಿರೂದು, ಬರ್ತ" ಅಂದಳು. ಒಂಬತ್ತಕ್ಕೆ ಬಂದ.

ಆ ಭಾನುವಾರ ನನ್ನ ಗಂಡ ದುರ್ಗಪ್ಪ ಮಂಕಿಯಿಂದ ಬಂದರು. ಅವರು ಮಾತಿನಲ್ಲಿ ಮಾದೇವಿಗಿಂತ ಜಿಪುಣ. ಪವಿತ್ರಾಳ ಮನೆಯವರು ನನ್ನ ಮೇಲೆ ಹಲ್ಲು ಕಡಿಯುತ್ತಿದ್ದಾರೆ ಅನ್ನುವ ಸುದ್ದಿ ಹೇಳಿದರು. ಪವಿತ್ರಾ ಮಾತ್ರ, "ದೊಡ್ಡಮ್ಮಂಗೆ ಹೇಳಿ, ಆ ಕಂಬದ ಮಾಮ ನಂಗೆ ಮೊದ್ಲೇ ಬೇಡ ಆಗಿತ್ತು, ಕೇಳಿದ್ದು ಯಾರು" ಅಂದಳಂತೆ. ಹೌದು, ನಾನು ಅವಳನ್ನೂ ಕೇಳಿರಲಿಲ್ಲ. ಅದಾದ ಮೇಲೆ ದುರ್ಗಪ್ಪ ಚಪ್ಪರದ ನೆರಳಲ್ಲಿ ಕೂತು ಎಲೆಅಡಿಕೆಯ ಕವಳ ಹಾಕಿಕೊಂಡು, ಆಚೆ ಬದಿಯ ಕಂಬ, ಈಚೆ ಬದಿಯ ಸ್ಟೂಲು ಎರಡನ್ನೂ ಒಂದು ತಾಸು ನೋಡಿದರು.

"ನಮ್ಮ ಮದುವೇಲಿ ನಿಂಗೆ ಎಷ್ಟು?" ಅಂದರು.

"ಹತ್ತೊಂಬತ್ತು."

"ನಂಗೆ ಮೂವತ್ತಮೂರು. ಆಗ ಯಾರು ಆಣೆ ಹಾಕಿಸಿದ್ರು?"

ನಾನು ಕೆಂಡವಾದೆ. ಅದು ಬೇರೆ, ಇದು ಬೇರೆ ಅಂದೆ. ಹೇಗೆ ಬೇರೆ ಅಂತ ಕೇಳುತ್ತಾರೆ ಅಂತ ಉತ್ತರ ಹುಡುಕಿಕೊಂಡೆ, ಅವರು ಕೇಳಲಿಲ್ಲ. ಎದ್ದು ಹೊನ್ನಾವರದ ಬಸ್ಸು ಹಿಡಿದರು. ಕೇಳಿದ್ದರೆ ಜಗಳವಾಡಬಹುದಿತ್ತು. ಕೇಳದೆ ಹೋದದ್ದರಿಂದ ಆ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು.

ಅವತ್ತು ಮನೆಗೆ ಹೋಗಿ ನಾನು ಅಣ್ಣನ ಫೋಟೋದ ಎದುರು ಕೂತೆ. ಸತ್ಯ ಹೇಳುತ್ತೇನೆ. ನನ್ನ ಸಿಟ್ಟು ವಯಸ್ಸಿನದ್ದಾಗಿರಲಿಲ್ಲ, ಊರವರದ್ದೂ ಆಗಿರಲಿಲ್ಲ. ಮಾದೇವಿ ಒಬ್ಬಳೇ ಇದ್ದಷ್ಟು ದಿನ ಅಣ್ಣ ಎಲ್ಲೋ ಗದ್ದೆಗೆ ಹೋಗಿದ್ದಾನೆ, ಬರುತ್ತಾನೆ ಅನ್ನಿಸುತ್ತಿತ್ತು. ಅವಳು ಅವನ ಜಾಗ ಹಾಗೇ ಇಟ್ಟುಕೊಂಡಿದ್ದಾಳೆ ಅಂತ ನನಗೆ ಒಂದು ನೆಮ್ಮದಿ. ಅವಳು ನಕ್ಕ ದಿನ ನನ್ನ ಅಣ್ಣ ಸತ್ತ. ನನ್ನ ಅಣ್ಣನನ್ನು ಉಳಿಸಿಕೊಳ್ಳಲಿಕ್ಕೆ ನಾನು ಬದುಕಿರುವ ಒಬ್ಬಳನ್ನು ಒಂಬತ್ತು ವರ್ಷ ಕಾವಲು ಹಾಕಿ ಕೂರಿಸಿದ್ದೆ. ಇದು ಹೊಳೆದಾಗ ನನಗೆ ಅಳು ಬಂತು, ಚೆನ್ನಾಗಿ ಅತ್ತೆ. ಮಾದೇವಿ ಬಂದು ಟೀ ಇಟ್ಟು ಹೋದಳು. ಆದರೂ ಆಣೆ ಬಿಡಿಸುತ್ತೇನೆ ಅಂತ ಬಾಯಿ ಬಿಟ್ಟು ಹೇಳಲು ನನ್ನ ಮೂಗು ಅಡ್ಡ ಬಂತು. ಟೀಚರ್ ಆದವರಿಗೆ ತಪ್ಪು ಒಪ್ಪಿಕೊಳ್ಳುವುದು ಅಭ್ಯಾಸ ಇರುವುದಿಲ್ಲ.

ಮೇ ಕೊನೆಯ ವಾರ. ಬೆಳಿಗ್ಗೆಯೇ ಮೋಡ ಕಟ್ಟಿತ್ತು. ಎಂಟೂಕಾಲಿಗೆ, ಆಚೆ ಬದಿ ಅವನು ಏಣಿ ಒರಗಿಸುವ ಹೊತ್ತಿಗೆ ಸರಿಯಾಗಿ, ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ನಮ್ಮ ಚಪ್ಪರದ ತಾಡಪತ್ರಿಯ ಒಂದು ಮೂಲೆ ಕಿತ್ತು ಪಟಪಟ ಹಾರತೊಡಗಿತು. ಹಿಂದೆಯೇ ಮಳೆ, ದಪ್ಪ ದಪ್ಪ ಹನಿ. ಈ ವರ್ಷದ ಕೊನೆಯ ಇನ್ನೂರು ಗೊಂಚಲು ಅಲ್ಲಿತ್ತು. ಈರುಳ್ಳಿ ಒಮ್ಮೆ ನೆನೆದರೆ ವಾರದೊಳಗೆ ಕೊಳೆಯುತ್ತದೆ, ನಾಲ್ಕು ತಿಂಗಳ ಬೆವರು ತಿಪ್ಪೆಗೆ. ಲಕ್ಕಿಗೆ ಅವಳ ಚಪ್ಪರವೇ ಸಾಕಾಗಿತ್ತು. ಮಾದೇವಿ ಒಂದು ಮೂಲೆ ಹಿಡಿದಳು, ನಾನು ಇನ್ನೊಂದು ಹಿಡಿದೆ, ಮೂರನೆಯದು ಹಾರಿತು. ನನ್ನ ಸೀರೆ ಕಾಲಿಗೆ ಸುತ್ತಿ ನಾನು ಕೆಸರಿನಲ್ಲಿ ಕೂತೇಬಿಟ್ಟೆ.

ತಲೆ ಎತ್ತಿದರೆ ದಿನಕರ ಅರ್ಧ ರಸ್ತೆ ದಾಟಿ ಡಿವೈಡರ್ ಮೇಲೆ ನಿಂತಿದ್ದ. ಅಲ್ಲಿಗೆ ನಿಂತುಬಿಟ್ಟಿದ್ದ. ಮೈಯೆಲ್ಲ ನೀರು ಸುರಿಯುತ್ತಿತ್ತು. ಒಂದು ಕಾಲು ಮುಂದೆ ಇಡುವುದು, ಹಿಂದೆ ತೆಗೆಯುವುದು. "ಬಲಗಡೆ ಹಗ್ಗ ಮೊದ್ಲು ಕಟ್ಟಿ, ಗೂಟದ ಬುಡಕ್ಕೆ ಕಟ್ಟಿ" ಅಂತ ಅಲ್ಲಿಂದಲೇ ಕೂಗುತ್ತಿದ್ದ. ಆಣೆ ಹಾಕಿಸಿದವಳು ಕೆಸರಿನಲ್ಲಿ ಕೂತಿದ್ದಾಳೆ, ಆಣೆ ಮಾಡಿದವನು ಡಿವೈಡರ್ ಮೇಲೆ ನೆನೆಯುತ್ತಿದ್ದಾನೆ. ಈ ಕಾಲದಲ್ಲಿ ಮಾತಿಗೆ ಇಷ್ಟು ಬೆಲೆ ಕೊಡುವ ಗಂಡಸನ್ನು ನಾನು ನೋಡಿರಲಿಲ್ಲ. ನನ್ನ ಮೂಗು ಅಲ್ಲಿಗೆ ಮುರಿಯಿತು.

"ಬಾರೋ ಮಾರಾಯಾ, ಆ ಆಣೆ ನಾ ವಾಪಸ್ ತಗಂಡೆ" ಅಂತ ಕೂಗಿದೆ.

ಅವನು ಕಾಲೆತ್ತಿದ. ಅಷ್ಟರಲ್ಲಿ ಮಾದೇವಿ ತಾಡಪತ್ರಿ ಕೈಬಿಟ್ಟು ರಸ್ತೆಯಂಚಿಗೆ ಬಂದು ನಿಂತಳು. "ಅವಳು ಹೇಳ್ದಳು ಅಂತ ಹೋದೆ. ಈಗ ಅವಳು ಹೇಳ್ದಳು ಅಂತ ಬರೂದಾದ್ರೆ ಬರೂದು ಬೇಡ" ಅಂದಳು.

ಅವನು ಕಾಲನ್ನು ಎತ್ತಿದಲ್ಲೇ ನಿಲ್ಲಿಸಿದ. ಗೊಂಚಲುಗಳ ಮೇಲೆ ಮಳೆ ಸುರಿಯುತ್ತಿತ್ತು. ಒಂದು ಬಸ್ಸು ನೀರು ಎರಚಿಕೊಂಡು ಹೋಯಿತು. ನನಗೆ ಜೀವ ಬಾಯಿಗೆ ಬಂದಿತ್ತು, ಇನ್ನೂರು ಗೊಂಚಲಿಗಾಗಿ ಅಲ್ಲ. ಇವಳು ತಿರುಗಿ ಒಳಗೆ ಬಂದರೆ ಎಲ್ಲ ಮುಗಿಯಿತು, ಅದು ನನ್ನ ಕೈಯಿಂದ ಆದದ್ದು, ಅದನ್ನು ನಾನು ಯಾವತ್ತೂ ಸರಿಮಾಡಲಿಕ್ಕಿಲ್ಲ.

"ನಾ ನಿಮ್ಮನ್ನ ಕೇಳಬೇಕಿತ್ತು" ಅಂದ ಅವನು. "ಮನೆ ಬೇಕಾ ನಾ ಬೇಕಾ ಅಂತ ನೀವೇ ಹೇಳೂದಿತ್ತು. ತಪ್ಪಾತು."

ಮಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆತು" ಅಂದಳು. "ಎರಡೂ ಬೇಕು. ಬಾ."

ನಾಲ್ಕು ಹೆಜ್ಜೆಗೆ ಬಂದ. ಐದು ನಿಮಿಷದೊಳಗೆ ತಾಡಪತ್ರಿ ಕಟ್ಟಿದ, ನನ್ನನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿದ. ಅರವತ್ತು ಗೊಂಚಲು ನೆನೆದುಹೋಯಿತು. ಇರಲಿ, ಅದು ನನ್ನ ದಂಡ ಅಂತ ನಾನೇ ಮನೆಗೆ ಹೊತ್ತುಕೊಂಡು ಹೋದೆ. ಮಂಕಿಯಲ್ಲಿ ಹತ್ತು ದಿನ ಮೂರು ಹೊತ್ತೂ ಈರುಳ್ಳಿ. ದುರ್ಗಪ್ಪ ಒಂದು ಮಾತೂ ಆಡದೆ ತಿಂದರು.

ಆಮೇಲೆ ಎಲ್ಲ ಸಲೀಸಾಯಿತು ಅಂದರೆ ಸುಳ್ಳು. ರಿಜಿಸ್ಟರ್ ಮದುವೆಗೆ ಒಂದು ತಿಂಗಳ ನೋಟಿಸು ಬೋರ್ಡಿಗೆ ಹಚ್ಚುತ್ತಾರೆ. ಅದನ್ನು ಓದಲು ಹೊಳನಗದ್ದೆಯ ಅರ್ಧ ಜನ ಕುಮಟೆಗೆ ಬಂದುಹೋದರು. ಓದಲು ಬಾರದವರೂ ಬಂದರು. ಮದುವೆಮನೆಗಳಲ್ಲಿ ನಮ್ಮ ಹೆಂಗಸರು ಕೂತು ಹಾಡು ಹೇಳುವಾಗ ಮೊದಲ ಸೊಲ್ಲು ಎತ್ತುತ್ತಿದ್ದವಳು ಮಾದೇವಿ. ಈಗ ಅವಳನ್ನು ಹಾಡಿಗೆ ಕರೆಯುವುದಿಲ್ಲ. "ಗಂಟಲಿಗೆ ರಜೆ ಸಿಕ್ತು" ಅಂದಳು, ಆದರೆ ಅದು ಅವಳಿಗೆ ನೋವು, ನನಗೆ ಗೊತ್ತು. ದಿನಕರನ ಅವ್ವ ಹಿರೇಗುತ್ತಿಯಿಂದ ಬರಲಿಲ್ಲ. ಸೊಸೆ ನನಗಿಂತ ಹನ್ನೊಂದೇ ವರ್ಷ ಚಿಕ್ಕವಳು, ನಾನು ಅವಳಿಂದ ಕಾಲು ಮುಟ್ಟಿಸಿಕೊಳ್ಳುವುದು ಹೇಗೆ ಅಂದಳಂತೆ. ಅಂಕೋಲೆ ಕಡೆಯ ಮಾದೇವಿಯ ತವರಿನವರು, ಅವಳು ನಮ್ಮ ಪಾಲಿಗೆ ಇಲ್ಲ ಅಂತ ಫೋನಿನಲ್ಲೇ ಹೇಳಿ ಮುಗಿಸಿದರು. ಅವಳು ಫೋನು ಕೆಳಗಿಟ್ಟು ಅಕ್ಕಿ ಆರಿಸಲು ಕೂತಳು. ಆ ದಿನ ಅಕ್ಕಿ ತುಂಬ ಹೊತ್ತು ಆರಿಸಿದಳು.

ಜುಲೈಯ ಒಂದು ಬುಧವಾರ, ಕುಮಟೆಯ ಆಫೀಸು. ದಿನಕರ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾದೇವಿ ಹಸಿರು ಸೀರೆ. ನನ್ನ ಒತ್ತಾಯಕ್ಕೆ ಅಬ್ಬಲಿಗೆ ಮುಡಿದಿದ್ದಳು, ಮುಡಿದ ಮೇಲೆ ಹತ್ತು ಸಲ ಮುಟ್ಟಿ ನೋಡಿಕೊಂಡಳು. ಸಾಕ್ಷಿಗೆ ಮೂರು ಜನ ಬೇಕು. ದಿನಕರನ ಸಂಗಡ ಕೆಲಸ ಮಾಡುವ ಪಾಂಡು ಮೊದಲು ಸಹಿ ಹಾಕಿದ, ಆಮೇಲೆ ದುರ್ಗಪ್ಪ. ನನ್ನ ಸರದಿ ಬಂದಾಗ ಕನ್ನಡಕದ ಮೇಲಿನಿಂದ ನೋಡುತ್ತ ಗುಮಾಸ್ತರು, "ನೀವು ಇವ್ರಿಗೆ ಎಂತ ಆಗಬೇಕು?" ಅಂದರು.

ನಾದಿನಿ ಅನ್ನಲೇ? ಅವಳು ಇನ್ನು ನನ್ನ ಅಣ್ಣನ ಹೆಂಡತಿ ಅಲ್ಲವಲ್ಲ. ಪರಿಚಯದವಳು ಅನ್ನಲೇ? ಮಾದೇವಿ ನೆಲ ನೋಡುತ್ತ ನಿಂತಿದ್ದಳು. ಅವಳ ಬೆನ್ನ ಹಿಂದೆ ಒಂದು ಸಾಲು ಕುರ್ಚಿ ಇತ್ತು, ಅವಳ ಪೈಕಿ ಯಾರೂ ಅದರಲ್ಲಿ ಕೂತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇವಳನ್ನು ಮನೆತುಂಬಿಸಿಕೊಳ್ಳಲು ನಾನು ಹೋದದ್ದು ಗಂಡಿನ ದಿಬ್ಬಣದ ಜೊತೆ. ಆಗ ಇವಳು ಅವ್ವನ ಕೈಬಿಟ್ಟು ಬರುವಾಗ ಅತ್ತದ್ದನ್ನು ನೋಡಿ, ಎಷ್ಟು ಅಳ್ತಾಳೆ ಅಂತ ನಾನು ನಗಾಡಿದ್ದೆ.

"ಹೇಳಿ ಅಮ್ಮಾ" ಅಂದರು ಗುಮಾಸ್ತರು.

ಪೆನ್ನು ತಗೊಂಡೆ. "ಹೆಣ್ಣಿನ ಕಡೆಯವಳು" ಅಂದೆ. "ಅವಳ ತವರುಮನೆ ಹೊಳನಗದ್ದೆ. ಹಾಗೇ ಬರ್ಕೊಳ್ಳಿ."